ಮಗಳ ತೂಕಕ್ಕೆ ಒಂದು ಸ್ಪ್ರಿಂಗ್

ರಾಯಚೂರಿನಲ್ಲಿ ನನ್ನದೊಂದು ಬಿಡಿಭಾಗಗಳ ಅಂಗಡಿ ಇದೆ. ಅಕ್ಕಿ ಗಿರಣಿಯ ಜರಡಿಗೆ, ಟ್ರ್ಯಾಕ್ಟರಿನ ಕೂರಿಗೆಗೆ, ಕಬ್ಬಿಣದ ಗೇಟಿಗೆ ಬೇಕಾದ ಸ್ಪ್ರಿಂಗುಗಳನ್ನು ಮಾರುತ್ತೇನೆ. ಮಟಮಾರಿಯಿಂದ, ಯಾಪಲದಿನ್ನಿಯಿಂದ ಬರುವ ರೈತರು ಹಳೆಯ ಸ್ಪ್ರಿಂಗನ್ನು ಮೇಜಿನ ಮೇಲೆ ಇಟ್ಟು, "ಇಂಥಾದ್ದ ಒಂದು ಕೊಡ್ರಿ" ಎನ್ನುತ್ತಾರೆ. ಎಷ್ಟು ಭಾರ ಹೊರಬೇಕು, ಎಷ್ಟು ಹಿಗ್ಗಬೇಕು ಎಂದು ನಾನು ಮೊದಲು ಕೇಳುತ್ತೇನೆ. ತಂತಿಯ ದಪ್ಪ, ಸುರುಳಿಯ ಅಗಲ ಎಲ್ಲ ಆಮೇಲೆ. ಇದು ನನಗೆ ಅಂಗಡಿ ಕಲಿಸಿದ ವಿದ್ಯೆ. ಆದರೆ ಇದನ್ನು ನಾನು ಅತಿ ಹೆಚ್ಚು ಬಳಸಿದ್ದು ನನ್ನ ಮನೆಯಲ್ಲೇ, ಮಗಳಿಗಾಗಿ.

ಅವಳು ಹುಟ್ಟಿದ್ದು ದೇವದುರ್ಗದಲ್ಲಿ, ನನ್ನ ಹೆಂಡತಿಯ ತವರಿನಲ್ಲಿ. ಹುಟ್ಟಿದಾಗ ಬಹಳ ಹೊತ್ತು ಅಳಲಿಲ್ಲ. ತಿಂಗಳುಗಳು ಕಳೆದರೂ ಕುತ್ತಿಗೆ ನಿಲ್ಲಲಿಲ್ಲ, ಕರೆದರೆ ತಿರುಗಿ ನೋಡಲಿಲ್ಲ. ರಾಯಚೂರಿನ ಡಾಕ್ಟರು ತಪಾಸಣೆ ಮಾಡಿ, ಕೂರುವುದು, ನಡೆಯುವುದು, ಮಾತಾಡುವುದು ಇವಳಿಂದ ಆಗಲಿಕ್ಕಿಲ್ಲ ಎಂದು ಮೆಲ್ಲಗೆ ಹೇಳಿದರು. ಬಸ್ಸಿನಲ್ಲಿ ದೇವದುರ್ಗಕ್ಕೆ ಮರಳುವಾಗ ನಾವಿಬ್ಬರೂ ಕಿಟಕಿಯಾಚೆ ನೋಡುತ್ತ ಕೂತಿದ್ದೆವು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಳು.

ದೇವದುರ್ಗದ ಆ ಮನೆಯಲ್ಲಿ ತೊಟ್ಟಿಲನ್ನು ಒಂದು ಸ್ಪ್ರಿಂಗಿಗೆ ತೂಗುಹಾಕಿದ್ದರು. ಒಂದು ದಿನ ನಮ್ಮ ಅತ್ತೆ ತೊಟ್ಟಿಲ ಬದಿಯನ್ನು ಕೆಳಕ್ಕೆ ಜಗ್ಗಿ ಬಿಟ್ಟರು. ತೊಟ್ಟಿಲು ಮೇಲೆ ಕೆಳಗೆ ಕುಣಿಯಿತು. ಮಗಳು ಬಾಯಿ ತೆರೆದು, ಗಂಟಲಿನಿಂದ ಸಣ್ಣ ಸದ್ದು ಮಾಡಿದಳು.

"ಯಪ್ಪಾ, ಓಡಿ ಬರ್ರಿ! ಕೂಸು ನಗಾಕತ್ತದ!" ಎಂದು ಅತ್ತೆ ಕೂಗಿದರು.

ನಾನು ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಓಡಿದೆ. ಅದು ಅವಳ ಮೊದಲ ನಗು. ಅಕ್ಕಪಕ್ಕ ತೂಗಿದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಮೇಲೆ ಕೆಳಗೆ ಕುಣಿಯಬೇಕು, ಆಗ ಮಾತ್ರ ನಗು.

ತೊಟ್ಟಿಲು ಚಿಕ್ಕದಾದ ಮೇಲೆ ರಾಯಚೂರಿನ ಮನೆಯ ನಡುಮನೆಯಲ್ಲಿ ದಪ್ಪ ಬಟ್ಟೆಯ ಜೋಲಿ ಕಟ್ಟಿದೆ. ಅದಕ್ಕೊಂದು ಎಳೆತದ ಸ್ಪ್ರಿಂಗ್ ತಂದೆ. ಎರಡು ತುದಿಗೆ ಕೊಕ್ಕೆ ಇದ್ದು, ಭಾರ ಬಿದ್ದಾಗ ಸುರುಳಿಗಳು ಬಿಡಿಸಿಕೊಳ್ಳುವಂಥದ್ದು. ಹೆಂಡತಿ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದಳು.

"ಇದು ಕಡಿದ್ರ ಏನ್ರೀ ಗತಿ?"

ಅಂಥ ಸ್ಪ್ರಿಂಗು ಕೊಕ್ಕೆಯ ಬಾಗಿನಲ್ಲೇ ಸವೆಯುತ್ತದೆ, ಕಡಿದರೆ ಭಾರ ನೇರವಾಗಿ ನೆಲಕ್ಕೆ ಬೀಳುತ್ತದೆ. ಅದನ್ನು ಮರಳಿ ಅಂಗಡಿಗೆ ಒಯ್ದೆ. ಬದಲಿಗೆ ಡ್ರಾಬಾರ್ ಸ್ಪ್ರಿಂಗ್ ತರಿಸಿದೆ. ಅದರ ಸುರುಳಿಯೊಳಗೆ ಉದ್ದನೆಯ ಎರಡು ಕಂಬಿಯ ಕೊಂಡಿಗಳು ಎದುರುಬದುರು ಹಾಯ್ದಿರುತ್ತವೆ. ಮೇಲಿನ ಕೊಂಡಿ ಸುರುಳಿಯ ಕೆಳತುದಿಯನ್ನು ಹಿಡಿದಿರುತ್ತದೆ, ಕೆಳಗಿನದು ಮೇಲ್ತುದಿಯನ್ನು. ಭಾರ ಜಗ್ಗಿದಷ್ಟೂ ಸುರುಳಿ ಹಿಗ್ಗುವ ಬದಲು ಒತ್ತಿಕೊಳ್ಳುತ್ತದೆ. ಒಂದು ವೇಳೆ ಸುರುಳಿ ತುಂಡಾದರೂ ಕೊಂಡಿಗಳು ಒಂದನ್ನೊಂದು ಬಿಡುವುದಿಲ್ಲ.

"ಅಂದ್ರ ಬೀಳಂಗಿಲ್ಲ?" ಎಂದು ಅವಳು ಕೇಳಿದಳು.

"ಬೀಳಂಗಿಲ್ಲ."

ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ಮಗಳಷ್ಟೇ ತೂಕದ ಅಕ್ಕಿ ಚೀಲವನ್ನು ಜೋಲಿಯಲ್ಲಿಟ್ಟು ಜಗ್ಗಿ ಜಗ್ಗಿ ತೋರಿಸಿದೆ. ಆಮೇಲೆ ಮಗಳನ್ನು ಮಲಗಿಸಿದೆವು. ಅಕ್ಕಿ ಚೀಲದಂತೆ ಅವಳು ಸುಮ್ಮನಿರಲಿಲ್ಲ. ಪಕ್ಕದ ಮನೆಯವರು ಬಾಗಿಲಿಗೆ ಬಂದು ಇಣುಕುವಷ್ಟು ಜೋರಾಗಿ ನಕ್ಕಳು.

ಮಕ್ಕಳು ಬೆಳೆದಂತೆ ಜನ ಹೊಸ ಅಂಗಿ ಹೊಲಿಸುತ್ತಾರಲ್ಲ, ಹಾಗೆ ನಾನು ಸ್ಪ್ರಿಂಗ್ ಬದಲಿಸುತ್ತಿದ್ದೆ. ಜೋಲಿ ಬಹಳ ಕೆಳಗೆ ಇಳಿದರೆ, ಮೆತ್ತಗೆ ತೊನೆಯದೆ ತಳಕ್ಕೆ ಬಡಿದಂತಾದರೆ, ಮಗಳು ತೂಕ ಹಾಕಿದ್ದಾಳೆ ಎಂದರ್ಥ. ಅಂಥ ದಿನ ದಪ್ಪ ತಂತಿಯದೊಂದನ್ನು ಆರಿಸಿ ತರುತ್ತಿದ್ದೆ. ನನ್ನ ಕೈಯಲ್ಲಿ ಹೊಸ ಸ್ಪ್ರಿಂಗ್ ಕಂಡರೆ ಹೆಂಡತಿ ಅಂದು ಹೋಳಿಗೆ ಮಾಡುತ್ತಿದ್ದಳು. "ನಮ್ಮಾಕಿ ದೊಡ್ಡಾಕಿ ಆಗ್ಯಾಳ" ಎಂದು ಬೆಲ್ಲದ ಹೂರಣವನ್ನು ಬೆರಳ ತುದಿಯಿಂದ ಅವಳ ನಾಲಿಗೆಗೆ ಹಚ್ಚುತ್ತಿದ್ದಳು.

ಹೋದ ವರ್ಷದ ಬೇಸಿಗೆಯಲ್ಲಿ ಮಗಳಿಗೆ ನುಂಗುವುದು ಕಷ್ಟವಾಗತೊಡಗಿತು. ಗಂಜಿ ಕೊಟ್ಟರೂ ಕೆಮ್ಮು. ಎದೆಯಲ್ಲಿ ಕಫ ಕಟ್ಟುತ್ತಿತ್ತು. ಆಸ್ಪತ್ರೆಗೆ ಸೇರಿಸಿದೆವು, ಕರೆತಂದೆವು, ಮತ್ತೆ ಸೇರಿಸಿದೆವು. ಎರಡನೇ ಸಲ ಮನೆಗೆ ಬಂದ ಸಂಜೆ ಅವಳನ್ನು ಜೋಲಿಯಲ್ಲಿ ಮಲಗಿಸಿ ಮೆಲ್ಲಗೆ ಜಗ್ಗಿ ಬಿಟ್ಟೆ. ಒಂದೆರಡು ಸಲ ನಡುಗಿದಂತಾಗಿ ನಿಂತುಬಿಟ್ಟಿತು. ಮಗಳು ಕಣ್ಣು ಬಿಟ್ಟು ಮೇಲೆ ನೋಡುತ್ತ, ಕುಣಿತಕ್ಕಾಗಿ ಕಾಯುತ್ತಿದ್ದಳು.

"ಸ್ಪ್ರಿಂಗ್ ಜಂಗ್ ಹಿಡದದೇನ್ರೀ?" ಎಂದು ಹೆಂಡತಿ ಕೇಳಿದಳು. "ಒಂಚೂರು ಎಣ್ಣಿ ಬಿಡ್ರಿ."

ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ. ಅದನ್ನು ಒತ್ತುವಷ್ಟು ಭಾರ ಮಗಳಲ್ಲಿ ಉಳಿದಿರಲಿಲ್ಲ. ನಾನು ಸ್ಟೂಲ್ ಹಾಕಿ ಹತ್ತಿ ಎಣ್ಣೆ ಬಿಟ್ಟೆ. ಕೆಳಗಿಳಿದು ಹೆಂಡತಿಯ ಮುಖ ನೋಡಿದಾಗ ಗೊತ್ತಾಯಿತು, ಎಣ್ಣೆಯಿಂದ ಆಗುವುದಲ್ಲ ಎಂದು ಅವಳಿಗೂ ತಿಳಿದಿತ್ತು.

ಮರುದಿನ ಅಂಗಡಿಯ ಕಪಾಟಿನ ಮುಂದೆ ಬಹಳ ಹೊತ್ತು ನಿಂತೆ. ಇಷ್ಟು ವರ್ಷ ನಾನು ಅಲ್ಲಿ ಆರಿಸುತ್ತಿದ್ದುದು ಹಿಂದಿನದಕ್ಕಿಂತ ದಪ್ಪ ತಂತಿಯನ್ನು. ಅವತ್ತು ಸಣ್ಣದರ ಕಡೆ ಕೈ ಹೋಗಲೊಲ್ಲದು. ಒಬ್ಬ ಗಿರಾಕಿ ಬಂದು ಗೇಟಿನ ಸ್ಪ್ರಿಂಗ್ ಕೇಳಿದ. ಅವನಿಗೆ ಕೊಟ್ಟು ಕಳಿಸಿ, ಮಗಳಿಗೆ ತೆಳುವಾದದ್ದನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಮನೆಗೆ ಹೋದೆ. ಹೆಂಡತಿ ಸುತ್ತು ಬಿಚ್ಚಿ ನೋಡಿದಳು.

"ಸಣ್ಣದ್ಯಾಕ ತಂದ್ರಿ?" ಎಂದಳು. ಆಮೇಲೆ ತಾನೇ ಜೋಲಿ ಬಿಚ್ಚತೊಡಗಿದಳು. ಅಂದು ಅವಳು ಒಲೆ ಹಚ್ಚಲೇ ಇಲ್ಲ.

ತೆಳು ಸ್ಪ್ರಿಂಗಿನಲ್ಲಿ ಜೋಲಿ ಮತ್ತೆ ಕುಣಿಯಿತು. ಮಗಳು ನಕ್ಕಳು. ಸದ್ದಿಲ್ಲ, ಬಾಯಿ ಮಾತ್ರ ತೆರೆಯಿತು. ನಾವು ಸರದಿಯ ಮೇಲೆ ಕೂತು ಜಗ್ಗುತ್ತಿದ್ದೆವು. ಕೆಲವು ವಾರಗಳ ನಂತರ ಒಂದು ಬೆಳಗ್ಗೆ ತಾಯಿಯ ತೊಡೆಯ ಮೇಲೆ ಅವಳ ಉಸಿರು ನಿಂತಿತು. ನಾನು ಹಾಲು ತರಲು ಹೋಗಿದ್ದೆ. ಬಂದಾಗ ಹೆಂಡತಿ ಅವಳ ತಲೆ ಬಾಚುತ್ತಿದ್ದಳು.

"ಜಡಿ ಹಾಕ್ತೀನಿ ತಡೀರಿ. ಜನ ಬರ್ತಾರ," ಎಂದಳು.

ನಾನು ಹಾಲಿನ ಪಾಕೀಟು ಹಿಡಿದುಕೊಂಡು ಅಲ್ಲೇ ಕೂತೆ.

ಈಚೆಗೆ ಮಾನ್ವಿಯ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದು ತೊಟ್ಟಿಲಿಗೆ ಗಟ್ಟಿ ಸ್ಪ್ರಿಂಗ್ ಬೇಕೆಂದಳು. ಕೂಸಿಗೆ ಎಷ್ಟು ವಯಸ್ಸು ಎಂದರೆ ತಲೆ ತಗ್ಗಿಸಿದಳು. ಶಾಲೆಗೆ ಹೋಗುವ ವಯಸ್ಸು, ಆದರೆ ಇನ್ನೂ ಕೂರುವುದಿಲ್ಲ. ನಾನೇ ಬಂದು ಹಾಕಿಕೊಡುತ್ತೇನೆ ಎಂದೆ. ಮನೆಯಲ್ಲಿ ಹೇಳಿದಾಗ ಹೆಂಡತಿ, "ನಾನೂ ಬರ್ತೀನಿ," ಎಂದಳು.

ಮಾನ್ವಿಯ ಆ ಮನೆಯಲ್ಲಿ ನಾನು ತೊಲೆಗೆ ಸ್ಪ್ರಿಂಗ್ ಬಿಗಿಯುತ್ತಿದ್ದಾಗ ಹೆಂಡತಿ ಆ ಮಗುವನ್ನು ಎತ್ತಿಕೊಂಡಿದ್ದಳು. ಕುತ್ತಿಗೆಗೆ ಹೇಗೆ ಕೈ ಕೊಡಬೇಕು ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಮನೆಯಾಕೆ ಚಹಾ ತಂದಿಟ್ಟು, "ಎಷ್ಟು ಚಂದ ಹಿಡೀತೀರಿ ಅಕ್ಕಾ. ನಿಮಗೆಷ್ಟು ಮಕ್ಕಳು?" ಎಂದು ಕೇಳಿದಳು.

"ಒಬ್ಬಾಕಿ ಮಗಳು."

"ಸಾಲಿಗಿ ಹೋಗ್ತಾಳೇನ್ರೀ?"

"ಇಲ್ಲವ್ವಾ," ಎಂದಳು ನನ್ನ ಹೆಂಡತಿ. "ಮನ್ಯಾಗ ಇರ್ತಾಳ."

ನಾನು ಸ್ಟೂಲಿನ ಮೇಲೆ ನಿಂತು ಬೋಲ್ಟ್ ಬಿಗಿಯುತ್ತಲೇ ಇದ್ದೆ. ಅದು ಆಗಲೇ ಬಿಗಿಯಾಗಿತ್ತು.