ಜಟ್ಟು ಗೌಡನ ಸುರಂಗ

ಅಂಕೋಲೆಯ ಆಚೆ ಗುಡ್ಡದಲ್ಲಿರುವ ಗವಿಯನ್ನು ಯಾರಾದರೂ ನೋಡಬೇಕೆಂದರೆ ಜಟ್ಟು ಗೌಡನೇ ಮುಂದೆ ನಡೆಯಬೇಕು. ಎಡಗೈಯಲ್ಲಿ ಬ್ಯಾಟರಿ, ಬಲಗೈಯಲ್ಲಿ ಮುಳ್ಳು ಸವರುವ ಕತ್ತಿ. ದಾರಿಯಲ್ಲೇ, ಬಂದವರ ಊರು ಯಾವುದೆಂದು ಕೇಳುತ್ತಾನೆ. ಗೋವೆಯವರಾದರೆ ಗವಿಯೊಳಗಿನ ಸುರಂಗ ಗೋವೆಗೆ ಹೋಗುತ್ತದೆ, ಶಿರಸಿಯವರಾದರೆ ಶಿರಸಿಗೆ. ಹುಬ್ಬಳ್ಳಿಯವರು ಬಂದರೆ ಅದನ್ನು ಘಟ್ಟ ದಾಟಿಸಿ ಬಯಲುಸೀಮೆಗೂ ಮುಟ್ಟಿಸುತ್ತಾನೆ. ಒಳಗೆ ಬಾಗಿ ನುಗ್ಗಬೇಕಾದ ಕಂಡಿ ಬಂದೊಡನೆ ಅಡ್ಡ ನಿಂತು, "ಇನ್ನು ಮುಂದೆ ಉಸಿರು ಕಟ್ತದೆ ಸರ್, ಸಾಕು" ಎನ್ನುತ್ತಾನೆ. "ನಾಳೆ ಕಾಶಿಯವ್ರು ಬಂದ್ರೆ ಎಂತ ಹೇಳ್ತೀರಿ?" ಎಂದು ಹೆಂಡತಿ ರುಕ್ಮಿಣಿ ಹಂಗಿಸಿದರೆ, "ಕಾಶಿ ಎಂತ ದೂರ ಅಲ್ಲ ಬಿಡು" ಎಂದು ಎಲೆಗೆ ಸುಣ್ಣ ಹಚ್ಚುತ್ತಾನೆ. ೨೦೦೬ರ ಮಳೆಗಾಲ ಮುಗಿದ ಮೇಲೆ ಸದಾಶಿವಗಡದ ಜಯಂತಿ ಬಾಯಿ ಒಬ್ಬಳೇ ಬಂದಳು. ಅವಳ ಮಗ ಮೀನಿಗೆ ಹೋದ ದೋಣಿ ಮಗುಚಿ ಒಂದು ವರ್ಷವಾಗಿತ್ತು, ಹೆಣ ಸಿಕ್ಕಿರಲಿಲ್ಲ. ಕಂಡಿಯ ಎದುರು ನಿಂತು ಕೇಳಿದಳು, "ಇದು ಸಮುದ್ರಕ್ಕೂ ಹೋಗ್ತದಂತಲ್ಲ, ಹೌದಾ? ಅಂವ ಆ ಕಡೆಯಿಂದ ಇದರೊಳಗೆ ಹೊಕ್ಕಿದ್ರೆ?" ಜಟ್ಟು ಕತ್ತಿಯನ್ನು ನೆಲಕ್ಕಿಟ್ಟ. "ಬನ್ನಿ" ಎಂದು, ಯಾರನ್ನೂ ಬಿಡದ ಆ ಕಂಡಿಯೊಳಗೆ ಅವಳ ಕೈ ಹಿಡಿದು ಕರೆದೊಯ್ದ. ಆರನೆಯ ಹೆಜ್ಜೆಗೆ ಬಂಡೆ ಎದುರಾಯಿತು. ಅವಳ ಅಂಗೈಯನ್ನು ಅದರ ಮೇಲಿಟ್ಟು, "ಇಲ್ಲಿಗೇ ಮುಗೀತದೆ ಬಾಯೀ" ಎಂದ.