ಅರಿವೆಗಂಟಿನ ರೊಟ್ಟಿ

ಸಪ್ತಾಪುರದ ಈರವ್ವನಿಗೆ ಸಿಟ್ಟು ಬೇಗ ಬರುತ್ತಿರಲಿಲ್ಲ, ಬಂದರೆ ಹೋಗುತ್ತಿರಲಿಲ್ಲ. ಗಂಡ ತೀರಿದ ಮೇಲೆ ಉಪ್ಪಿನಬೆಟಗೇರಿಯಿಂದ ಬಂದು ಬಾಡಿಗೆ ಮನೆಯ ಪಡಸಾಲೆಯಲ್ಲಿ ಖಾನಾವಳಿ ಇಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಅವಳ ಖಡಕ್ ರೊಟ್ಟಿ ಹಪ್ಪಳದಷ್ಟು ತೆಳುವು. ಬಿಳಿ ಅರಿವೆಯಲ್ಲಿ ಕಟ್ಟಿಟ್ಟರೆ ತಿಂಗಳಾದರೂ ಕೆಡದು. ಆಸ್ತಿ ಅಂತ ಅವಳಿಗಿದ್ದದ್ದು ಆ ಹೆಸರೊಂದೇ. ಅದನ್ನು ಹೋದ ವರ್ಷ ಮಾಳಮಡ್ಡಿಯ ಶಿವಯೋಗೀಶ ಸಾಹೇಬರು ಒಂದೇ ಒಂದು ಫೋಟೋದಿಂದ ಮಣ್ಣುಪಾಲು ಮಾಡಿದ್ದರು.

ಸಾಹೇಬರು ನಿವೃತ್ತ ಇಂಜಿನಿಯರು. ದಸರಾ ಸೂಟಿಯಲ್ಲಿ ಹನ್ನೆರಡು ಜನರನ್ನು ಕಟ್ಟಿಕೊಂಡು ಘಟ್ಟದ ಮೇಲಿನ ಕೆರೆಯ ಉದ್ಯಾನಕ್ಕೆ ಹೋಗಿ, ಡೇರೆ ಹಾಕಿ, ಮೂರು ದಿನ ಇದ್ದು ಬರುವುದು ಅವರ ಹುಚ್ಚು. ಅಲ್ಲಿ ಒಲೆ ಹೊತ್ತಿಸಲು ಅಪ್ಪಣೆ ಇಲ್ಲ, ಬುತ್ತಿ ಇಲ್ಲಿಂದಲೇ ಹೋಗಬೇಕು. ಹೋದ ವರ್ಷ ರೊಟ್ಟಿ ಹಂಚಿನಿಂದ ಇಳಿದು ಬಿಸಿ ಇರುವಾಗಲೇ ಅವರು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿಗೆ ಟೇಪು ಸುತ್ತಿದರು. ಒಣಗಿಸಿ ಅರಿವೆಯಲ್ಲಿ ಕಟ್ಟಿಕೊಡುತ್ತೇನೆ ಅಂದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಚೀಲದೊಳಗೆ ರೊಟ್ಟಿ ಬೆವೆತು ಮೂರನೆಯ ದಿನ ಬೂಸು ಹಿಡಿಯಿತು. ಸಾಹೇಬರು ಫೋಟೋ ತೆಗೆದು, ತಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿ, 'ಸಪ್ತಾಪುರದ ಈರವ್ವನ ಹಳೇ ಮಾಲು, ಹುಷಾರು' ಅಂತ ಬರೆದು ಕೈ ತೊಳೆದುಕೊಂಡರು.

ಅದು ಊರೆಲ್ಲ ತಿರುಗಿತು. ಎರಡು ಹಾಸ್ಟೆಲಿನ ಹುಡುಗರು ಊಟಕ್ಕೆ ಬರುವುದನ್ನೇ ಬಿಟ್ಟರು. ಹದಿನಾಲ್ಕು ವರ್ಷ ಮಗ್ಗುಲಲ್ಲಿ ಕೂತು ರೊಟ್ಟಿ ಬಡಿದ ಅಬೀದಾಳಿಗೆ "ನಾಳಿಂದ ಬರಬ್ಯಾಡ ತಂಗಿ" ಅನ್ನಬೇಕಾಯಿತು. 

ಈ ವರ್ಷ ನವರಾತ್ರಿಗೆ ಮುಂಚೆ ಸಾಹೇಬರು ಮತ್ತೆ ಬಂದರು. ಕೈಯಲ್ಲಿ ಟೈಪು ಮಾಡಿದ ಯಾದಿ: ಡೇರೆ, ಗೂಟ, ಹಗ್ಗ, ಟಾರ್ಚು, ಹಾಸಿಗೆ. ಆರನೆಯ ಸಾಲಿನಲ್ಲಿ 'ರೊಟ್ಟಿ: ಬಿಸಿ ಇರುವಾಗಲೇ, ಪ್ಲಾಸ್ಟಿಕ್, ಟೇಪು.'

"ಈರವ್ವಾರ, ಮತ್ತ ಕೆರಿಗೆ ಹೊಂಟೇವ್ರಿ. ನೂರಿಪ್ಪತ್ತು ರೊಟ್ಟಿ ಬೇಕು. ಅಂಗಡಿ ರೊಟ್ಟಿ ನಮ್ಮ ಮಂದಿಗೆ ಸೇರಂಗಿಲ್ಲ," ಅಂದರು. ಒಳಗೆ ಇಣುಕಿ, "ಅಬೀದಾ ಕಾಣವಲ್ಲಳಲ್ಲ, ಆರಾಮ ಅದಾಳಿಲ್ಲೋ?" ಅಂತಲೂ ಕೇಳಿದರು.

ತಾನು ಮಾಡಿದ್ದು ಈ ಮನುಷ್ಯನಿಗೆ ನೆನಪೇ ಇಲ್ಲ! ಈರವ್ವನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಬಾಗಿಲಲ್ಲೇ ನಿಲ್ಲಿಸಿ ಅನ್ನಬೇಕಾದ್ದನ್ನು ಅಂದು ಕಳಿಸಬಹುದಿತ್ತು. ಆದರೆ ಒಂದು ವರ್ಷ ಕಾದ ಸಿಟ್ಟು ನಾಲ್ಕು ಮಾತಿಗೆ ತಣಿಯುವಂಥದ್ದಲ್ಲ. "ಆತ್ರಿ ಸಾಹೇಬ್ರ, ಹೊರಡೂ ಹಿಂದಿನ ದಿನಾ ಬರ್ರಿ," ಅಂದಳು.

ಸಾಹೇಬರ ಜೊತೆ ಕೆರೆಗೆ ಹೋಗುವವರಲ್ಲಿ ಕಾಲೇಜಿನ ಕರುಣಾ ಮೇಡಂ ಒಬ್ಬರು. ದಿನಾ ಈರವ್ವನಲ್ಲೇ ಊಟ. ಮರುದಿನ ಅವರ ತಾಟಿಗೆ ಪಲ್ಯ ಬಡಿಸುತ್ತ ಈರವ್ವ ತನ್ನ ಯೋಜನೆಯನ್ನು ಹೇಳಿದಳು. ಕರುಣಾ ಊಟ ಮುಗಿಸಿ ಕೈ ತೊಳೆದು ಬಂದು, "ನಾ ಒಯ್ತೇನಿ ಅಕ್ಕಾರ," ಅಂದರು.

ಹೊರಡುವ ಹಿಂದಿನ ದಿನ ಈರವ್ವ ಅಬೀದಾಳನ್ನು ಕರೆಸಿದಳು. ಇಬ್ಬರೂ ಒಂದೇ ಹಿಟ್ಟು ನಾದಿ, ಇನ್ನೂರ ನಲವತ್ತು ರೊಟ್ಟಿ ಬಡಿದರು.

"ಆ ಸಾಹೇಬಗ ಉಪ್ಪಿಲ್ಲದ್ದು ಕೊಡೂಣೇನಕ್ಕಾ?" ಅಂದಳು ಅಬೀದಾ.

"ಹುಚ್ಚಿ, ಛಲೋದ ಕೊಡೂಣು. ಕೆಡಸೂದು ಅಂವಗ ಬರ್ತೈತಿ."

ಸಾಹೇಬರು ಬಂದಾಗ ಈರವ್ವ ಈ ಸಲವೂ ಹೇಳಿದಳು, ಹೇಳಲಿಲ್ಲ ಅನ್ನುವ ಮಾತು ಬರಬಾರದು ನೋಡಿ. "ಆರಿದ ಮ್ಯಾಲೆ ಅರಿವ್ಯಾಗ ಕಟ್ಟಬೇಕ್ರಿ."

"ಮೂವತ್ತು ವರ್ಷ ಡ್ಯಾಮ್ ಕಟ್ಟಿಸೇನಿ, ನನಗ ರೊಟ್ಟಿ ಕಟ್ಟೂದ ಕಲಸ್ತೀರೇನ್ರಿ?" ಅಂತ ನಕ್ಕು ಸಾಹೇಬರು ಟೇಪು ಸುತ್ತಿದರು. ಉಳಿದ ನೂರಿಪ್ಪತ್ತು ರೊಟ್ಟಿ ಒಲೆಯ ಸುತ್ತ ಒಣಗಿ, ಬೆಳಗಿಗೆ ಬಿಳಿ ಅರಿವೆಯಲ್ಲಿ ಕರುಣಾ ಅವರ ಚೀಲ ಸೇರಿದವು. ಈರವ್ವನ ಸೇಡು ಒಬ್ಬರ ಮೇಲಿನದು. ಹನ್ನೆರಡು ಜನ ಉಪವಾಸ ಬೀಳುವುದು ಅವಳಿಗೆ ಬೇಕಿರಲಿಲ್ಲ.

ಮೂರು ದಿನ ಅವಳಿಗೆ ಊಟ ಸೇರಲಿಲ್ಲ. ಗಾಳಿ ಒಣಗಿದ್ದು ರೊಟ್ಟಿ ಕೆಡದೇ ಹೋದರೆ? ಹೋದ ಹೆಸರು ಮತ್ತೆ ಬರುವುದಿಲ್ಲ, ಅಬೀದಾಳೂ ಬರುವುದಿಲ್ಲ. ತಾನೇ ಬಡಿದ ರೊಟ್ಟಿ ಕೆಡಲಿ ಅಂತ ಈರವ್ವ ಜೀವಮಾನದಲ್ಲಿ ಮೊದಲ ಸಲ ದೇವರಿಗೆ ಕೈಮುಗಿದಳು.

ಮೂರನೆಯ ದಿನ ಅದೇ ವಾಟ್ಸಾಪ್ ಗುಂಪಿನಲ್ಲಿ ಕರುಣಾ ಫೋಟೋ ಹಾಕಿದರು. ಕೆರೆದಂಡೆಯ ಕಲ್ಲಿನ ಮೇಲೆ ಎರಡು ರೊಟ್ಟಿ: ಒಂದು ಖಡಕ್, ಒಂದಕ್ಕೆ ಹಸಿರು ಬೂಸು. ಕೆಳಗೆ, 'ಎರಡೂ ಒಂದೇ ದಿನ, ಒಂದೇ ಹಿಟ್ಟು. ಒಂದು ಈರವ್ವ ಕಟ್ಟಿದ್ದು, ಒಂದು ಸಾಹೇಬರು ಕಟ್ಟಿದ್ದು.' ಇದೂ ಊರೆಲ್ಲ ತಿರುಗಿತು.

ಊರಿಗೆ ಮರಳಿದ ಮಾರನೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಸಾಹೇಬರು ಬಾಗಿಲಲ್ಲಿ ನಿಂತರು. ಪಡಸಾಲೆ ತುಂಬಿತ್ತು. "ನಂದ ತಪ್ಪಾತ್ರಿ ಈರವ್ವಾರ. ಗ್ರೂಪಿನ್ಯಾಗ ಬರದು ಹಾಕೇನಿ, ನೋಡ್ರಿ," ಅಂತ ಫೋನು ಚಾಚಿದರು.

ಈರವ್ವನ ಕನ್ನಡಕ ಗೋಡೆಯ ಗೂಡಿನಲ್ಲೇ ಇತ್ತು. ತೆಗೆಯಲಿಲ್ಲ. "ನೀವ ಓದ್ರಿ."

ಸಾಹೇಬರು ಗಂಟಲಲ್ಲೇ ಓದಿದರು: "ಎರಡೂ ವರ್ಷ ರೊಟ್ಟಿ ಕೆಡಿಸಿದವನು ನಾನು. ಈರವ್ವನವರದು ಏನೂ ತಪ್ಪಿಲ್ಲ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಇನ್ನೊಮ್ಮಿ ಓದ್ರಿ, ಜೋರಾಗಿ. ಒಳಗ ಅಬೀದಾ ಅದಾಳ. ನಿಮ್ಮ ಒಂದು ಮಾತಿಗೆ ಒಂದು ವರ್ಷ ಮನ್ಯಾಗ ಕುಂತಾಳಾಕಿ. ಆಕೀಗೆ ಕೇಳಬೇಕು."

ಸಾಹೇಬರು ಓದಿದರು. ಈರವ್ವ ಮೂರನೆಯ ಸಲವೂ ಓದಿಸಿದಳು. ಆಮೇಲೆ ಬೆನ್ನು ತಿರುಗಿಸಿ ಹುಡುಗರ ತಾಟಿಗೆ ರೊಟ್ಟಿ ಹಾಕುತ್ತ ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಊಟದ ಹೊತ್ತಿಗೆ ಬಂದವರನ್ನು "ಕುಂದರ್ರಿ, ಉಣ್ರಿ" ಅನ್ನದೆ ಅವಳು ಕಳಿಸಿದ್ದು ಅವರೊಬ್ಬರನ್ನೇ.