ಆರ್ಡಿತ್‌ಳ ಅಂಗಳಕ್ಕೆ ಬಂದ ನೋಟಿಸು

ಆರ್ಡಿತ್ ತ್ಯಾಡನ್ ಮೂವತ್ತೊಂದು ವರ್ಷ ರಸ್ತೆ ಬದಿಯ ಹುಲ್ಲು ಕೊಯ್ಯುವ ಸರ್ಕಾರಿ ಟ್ರ್ಯಾಕ್ಟರ್ ಓಡಿಸಿದಳು. ಅಮೆರಿಕದ ಅಯೋವಾ ರಾಜ್ಯದ ಆ ಸೀಮೆಯಲ್ಲಿ ಕಣ್ಣು ಹಾಯಿಸಿದತ್ತೆಲ್ಲ ಮೆಕ್ಕೆಜೋಳ, ಸೋಯಾ. ಹಳೆಯ ಹುಲ್ಲುಗಾವಲಿನ ಗಿಡಗಳು ಎಲ್ಲಾದರೂ ಉಳಿದಿದ್ದರೆ ಅದು ರಸ್ತೆಯಂಚಿನ ದಿಬ್ಬಗಳಲ್ಲಿ. ರೈಲು ಹಳಿ ಪಕ್ಕದ ಒಂದು ಇಳಿಜಾರಿನಲ್ಲಿ ಪ್ರತಿ ಜೂನ್‌ನಲ್ಲೂ ಕೋನ್‌ಫ್ಲವರ್ ಅರಳುತ್ತಿತ್ತು: ನಡುವೆ ಮುಳ್ಳುಮುಳ್ಳು ಕಂದು ಗುಬುಟು, ಸುತ್ತ ಜೋತುಬಿದ್ದ ತಿಳಿನೇರಳೆ ಎಸಳು. ಅಲ್ಲಿಗೆ ಬಂದಾಗ ಅವಳು ಬ್ಲೇಡು ಎತ್ತಿಬಿಡುತ್ತಿದ್ದಳು. ಮೇಲಿನವರು ಕೇಳಿದರೆ, "ಅಲ್ಲಿ ಕಲ್ಲೈತೆ, ಬ್ಲೇಡು ಮುರೀತದೆ" ಎನ್ನುತ್ತಿದ್ದಳು. ಕಲ್ಲೇನೂ ಇರಲಿಲ್ಲ.

ನಿವೃತ್ತಿಯ ವರ್ಷವೇ, ಆ ಇಳಿಜಾರನ್ನೂ ಸೇರಿಸಿಕೊಂಡು ರಸ್ತೆ ಅಗಲವಾಗುವ ಸುದ್ದಿ ಬಂತು. ಅವಳು ಒಣಗಿದ ಹೂತಲೆಗಳನ್ನು ದಿಂಬಿನ ಗವಸಿನ ತುಂಬ ಕೊಯ್ದು ತಂದಳು. ದಿನವಿಡೀ ಬಿಸಿಲು ಬೀಳುವ ಮುಂದಂಗಳದ ಹುಲ್ಲುಹಾಸು ಕಿತ್ತು, ಹಿಮ ಬೀಳುವ ಮೊದಲೇ ಬೀಜ ಚೆಲ್ಲಿದಳು. ಚಳಿ ಉಣ್ಣದೆ ಅವು ಮೊಳೆಯುವುದಿಲ್ಲ. ಎರಡು ಬೇಸಿಗೆ ಬರೀ ಎಲೆ. ಮೂರನೆಯದರಲ್ಲಿ ಅಂಗಳದ ತುಂಬ ಹೂವು, ಜೇನು, ದುಂಬಿ, ಚಿಟ್ಟೆ. ಹಿಂದೆಯೇ ಊರಾಡಳಿತದ ನೋಟಿಸು: ಹತ್ತು ಅಂಗುಲ ಮೀರಿದ ಕಳೆಯನ್ನು ಏಳು ದಿನದೊಳಗೆ ಕತ್ತರಿಸತಕ್ಕದ್ದು.

ದೂರು ಕೊಟ್ಟವನು ಪಕ್ಕದ ಮನೆಯ ಡ್ವೇನ್ ಫೋಲ್ಕರ್ಟ್ಸ್. ಅವನು ಅದನ್ನು ಮುಚ್ಚಿಡಲೂ ಇಲ್ಲ.

"ಊರ ಹುಲ್ಲೆಲ್ಲ ಕೊಯ್ದೋಳು ನೀನು. ಸ್ವಂತ ಮನೆ ಮುಂದೆ ಕಾಡು ಬೆಳೆಸ್ಕೊಂಡು ಕೂತಿದ್ದೀಯಲ್ಲೇ!"

"ಕೊಯ್ದೂ ಕೊಯ್ದೂ ಸಾಕಾಗಿತ್ತು ಕಣೋ."

ಊರ ಸಭೆಯಲ್ಲಿ ಅಧ್ಯಕ್ಷೆ ಮಾರ್ಲಿಸ್ ಕನ್ನಡಕ ತೆಗೆದಿಟ್ಟು ಕೇಳಿದಳು, "ಅದು ತೋಟವೋ ಕಳೆಯೋ, ನೋಡೋರಿಗೆ ಹ್ಯಾಗ್ ಗೊತ್ತಾಗ್ಬೇಕು, ಆರ್ಡಿತ್?"

"ಸುತ್ತ ನೀಟಾಗಿ ಕೊಯ್ದು ಅಂಚು ಮಾಡಿದ್ರೆ?"

ಮಾರ್ಲಿಸ್ ಉಳಿದವರ ಮುಖ ನೋಡಿದಳು. "ಅಂಚಿದ್ರೆ ತೋಟ ಅಂತ ಬರ್ಕೋತೀವಿ."

ಮರುದಿನ ಬೆಳಿಗ್ಗೆ ಆರ್ಡಿತ್ ಮನೆಯ ಹುಲ್ಲು ಕೊಯ್ಯುವ ಯಂತ್ರ ಹೊರತೆಗೆದಳು. ಅಂಚು ಬೇಕೆಂದರೆ ಸುತ್ತ ಅರಳಿ ನಿಂತ ಹೂಗಳು ಹೋಗಲೇಬೇಕು. ಅಷ್ಟು ವರ್ಷ ಆ ಹೂವಿನ ಮೇಲೆ ಬ್ಲೇಡು ಇಳಿಸದವಳು ಈಗ ದಾರ ಹಿಡಿದಂತೆ ನೇರವಾಗಿ ನಾಲ್ಕಡಿ ಅಗಲಕ್ಕೆ ಕೊಯ್ದಳು. ಬಿದ್ದ ಹೂಗಳ ಮೇಲೆ ದುಂಬಿಗಳು ಸುತ್ತುತ್ತಲೇ ಇದ್ದವು. ಒಳಗೆ ಹೋಗಿ ಕಾಫಿ ಮಾಡಿಕೊಂಡಳು, ಕುಡಿಯಲಾಗದೆ ಸಿಂಕಿಗೆ ಚೆಲ್ಲಿದಳು. ನೋಟಿಸು ರದ್ದಾಯಿತು.

ಆ ಚಳಿಗಾಲ ಡ್ವೇನ್‌ನ ಹೆಂಡತಿ ಜೋಲೀನ್‌ಗೆ ಸೊಂಟದ ಆಪರೇಷನ್ ಆಗಿ, ಕಿಟಕಿ ಪಕ್ಕದ ಕುರ್ಚಿಯೇ ಅವಳ ಲೋಕವಾಯಿತು. ಮಾರ್ಚ್‌ನಲ್ಲಿ ಆರ್ಡಿತ್ ಹೂಗಿಡಗಳ ಒಣಕಡ್ಡಿಗಳನ್ನು ಕತ್ತರಿಸಲು ಹೊರಟಾಗ ಡ್ವೇನ್ ಬೇಲಿಯ ತನಕ ಬಂದು ನಿಂತ.

"ಈಗಲೇ ಕತ್ತರಿಸ್ತೀಯಾ? ಬೀಜ ತಿನ್ನೋಕೆ ಫಿಂಚ್ ಹಕ್ಕಿ ಬರ್ತಾವಲ್ಲ, ಜೋಲೀನ್ ಅವನ್ನ ಎಣಿಸ್ತಾ ಇರ್ತಾಳೆ. ನಿನ್ನೆ ಹದಿನಾಲ್ಕಂತೆ."

"ಮತ್ತೆ ನೀನು ದೂರು ಕೊಟ್ರೆ?"

"ಹೋಗ್ಲಿ ಬಿಡೇ."

ಕಡ್ಡಿಗಳು ಏಪ್ರಿಲ್ ಮುಗಿಯುವವರೆಗೂ ನಿಂತಿದ್ದವು.